ಅರ್ಕಾದಿಯ ಟೈಟಾನಿಯಂ ಒಲೆ

ಅರ್ಕಾದಿ ಲುಕಿಚ್ ಉರಾಲಿನ ನಮ್ಮ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ತಪಾಸಣಾಧಿಕಾರಿಯಾಗಿದ್ದ. ಅವನು ತಪಾಸಣೆ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಮುದ್ರೆ ಒತ್ತುವುದನ್ನು ಕಂಡಿದ್ದೇನೆ. ಚಹಾದ ಲೋಟ ಕೆಳಗಿಡದೆಯೇ ಒತ್ತುತ್ತಿದ್ದ.

ನಾನು ಆಮ್ಲದ ತೊಟ್ಟಿಯ ಕ್ಲಾವಾ. ಕುಲುಮೆಯಲ್ಲಿ ಕಾದ ಟೈಟಾನಿಯಂ ಗಾಳಿ ಕುಡಿದು ಮೈಮೇಲೆ ಪೆಡಸಾದ ಪೊರೆ ಕಟ್ಟಿಕೊಳ್ಳುತ್ತದೆ. ಬಿರುಕು ಹುಟ್ಟುವುದೇ ಅಲ್ಲಿ. ಆ ಪೊರೆ ಕರಗಲು ಲೋಹವನ್ನು ನಲವತ್ತು ನಿಮಿಷ ಆಮ್ಲದಲ್ಲಿ ಅದ್ದಬೇಕು. ಅರ್ಕಾದಿಯ ಲೆಕ್ಕದಲ್ಲಿ ಮಾತ್ರ ನಾವು ಪಾತ್ರೆ ತೊಳೆಯುವ ಹೆಂಗಸರು.

ಮಾರ್ಚ್ ಕೊನೆಯಲ್ಲಿ ವಿಮಾನದ ಎಂಜಿನ್ನಿಗೆ ಹಾಕುವ ಟೈಟಾನಿಯಂ ಬಳೆಗಳು ತೊಟ್ಟಿಗೆ ಬಂದವು, ಹಿಂದೆಯೇ ಅರ್ಕಾದಿಯೂ ಬಂದ.

"ಹದಿನೈದು ನಿಮಿಷ ಸಾಕು ಕಣೇ. ಸೋಮವಾರ ರೈಲಿಗೆ ಹೋಗ್ಬೇಕು."

"ಪೊರೆ ಹೋಗಿರಲ್ಲ ಅರ್ಕಾದಿ ಲುಕಿಚ್. ಇದು ವಿಮಾನದ್ದು."

"ಅದ್ರಲ್ಲಿ ನೀನೇನು ಹಾರಾಡ್ತೀಯಾ? ತೊಳೆಯೋದು ನಿನ್ ಕೆಲ್ಸ, ತೊಳಿ."

ದಾಖಲೆ ಪುಸ್ತಕದಲ್ಲಿ 'ಹದಿನೈದು ನಿಮಿಷ ಮಾತ್ರ, ನಾನು ಒಪ್ಪಿಲ್ಲ' ಎಂದು ಬರೆದು ಸಹಿ ಹಾಕಿದೆ. ಅವನು ಓದಲೂ ಇಲ್ಲ, ಅದರ ಪಕ್ಕದಲ್ಲೇ ಮುದ್ರೆ ಒತ್ತಿ ಹೋದ.

ಶನಿವಾರ ಅವನ ಅರವತ್ತನೇ ಹುಟ್ಟುಹಬ್ಬ. ಎಲ್ಲರೂ ಅವನ ತೋಟದ ಮನೆಗೆ ಹೋದೆವು. ನಮ್ಮೂರಿನಲ್ಲಿ ಸಲಿಕೆ, ಬೇಲಿ, ಗೋರಿಯ ಶಿಲುಬೆ ಎಲ್ಲವೂ ಕಾರ್ಖಾನೆಯಿಂದ ಕದ್ದು ತಂದ ಟೈಟಾನಿಯಂನವೇ. ಈ ಮಹಾಶಯ ಉಗಿಸ್ನಾನದ ಒಲೆಯನ್ನೂ ಅದೇ ತಗಡಿನಲ್ಲಿ ಮಾಡಿಸಿದ್ದ. ದಿನಾ ಕೆಂಪಗೆ ಕಾಯುವ ಜಾಗಕ್ಕೆ ಟೈಟಾನಿಯಂ ಹಾಕಬಾರದೆಂದು ನಮ್ಮ ಕಸ ಗುಡಿಸುವವಳಿಗೂ ಗೊತ್ತು.

"ನನ್ ಮೊಮ್ಮಕ್ಕಳ ಮೊಮ್ಮಕ್ಕಳೂ ಇದ್ರಲ್ಲೇ ಮೀಯ್ತಾರೆ!" ಎಂದು ವೋದ್ಕಾ ಎತ್ತಿದ. ಗಂಡಸರು ಮೈಗೆ ಬಡಿದುಕೊಳ್ಳುವ ಸೊಪ್ಪಿನ ಕಟ್ಟು ಹಿಡಿದು ಉಗಿಕೋಣೆಯೊಳಗೆ ಹೋದರು. ಕಾದ ಒಲೆಯ ಮೇಲೆ ಒಂದು ಸೌಟು ನೀರು ಬಿತ್ತು ನೋಡಿ, ಒಲೆ ಸಿಡಿದ ಸದ್ದು ನಮ್ಮ ಮೇಜಿನವರೆಗೂ ಕೇಳಿತು. ಅರ್ಕಾದಿ ತಲೆಗೆ ಉಣ್ಣೆಯ ಟೋಪಿ, ಅಂಡಿಗೆ ಅಂಟಿದ ಎಲೆ, ಇಷ್ಟರಲ್ಲೇ ಹೊರಗೆ ಓಡಿಬಂದ. ಮೀನಖಂಡ ಸುಟ್ಟಿತ್ತು. ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಯಾವಳು ಕೊಟ್ಟ ತಗಡು ಇದು!" ಎಂದು ಕಿರುಚಿದ.

ನಾನು ಒಂದು ಚೂರನ್ನು ಎತ್ತಿ ಬಗ್ಗಿಸಿದೆ. ಹಪ್ಪಳದಂತೆ ಮುರಿಯಿತು.

"ತಗಡು ಚೆನ್ನಾಗೇ ಇತ್ತು. ಬೆಂಕಿ ಕಂಡು ಕಂಡು ಪೊರೆ ಕಟ್ಟಿದೆ. ನಿಮ್ ಬಳೆಗಳ ಮೇಲಿರೋದೂ ಇದೇ. ಸೋಮವಾರ ರೈಲಿಗೆ ಹತ್ತಿಸ್ಲಾ?"

"ಯಾವ ಬಳೆ, ಅರ್ಕಾಶಾ?" ಎಂದು ಅವನ ಹೆಂಡತಿ ರಾಯಾ ಕೇಳಿದಳು.

ಭಾನುವಾರ ಉಳಿದ ಕೇಕು ಹಿಡಿದು ಕುಂಟುತ್ತಾ ನಮ್ಮ ಮನೆಗೆ ಬಂದ.

"ಪುಸ್ತಕದಲ್ಲಿ ನೀನು ಬರ್ದಿದ್ದು ಇವತ್ತು ಓದ್ದೆ. ಬಳೆ ವಾಪಸ್ ತೊಟ್ಟಿಗೆ ಹಾಕಿಸ್ತೀನಿ. ನೀನು ಆ ಪುಟ ಹರಿದ್ಹಾಕು."

"ಹರೀದೇ ಇದ್ರೆ?"

"ರೈಲು ಕಾಯಲ್ಲ, ಕ್ಲಾವಾ."

ಥೂ! ಒಂದು ವಿಮಾನದ ಜನರನ್ನು ಒಂದು ಹಾಳೆಗೆ ಚೌಕಾಸಿ ಮಾಡುತ್ತಿದ್ದ. ಮೇಲಿನವರಿಗೆ ದೂರು ಕೊಡೋಣವೆಂದರೆ, ಮೇಲಿನವರು ನಿನ್ನೆ ಅವನ ಪಕ್ಕದಲ್ಲೇ ಉಗಿಗೆ ಕೂತಿದ್ದರು. ಸೋಮವಾರ ಬೆಳಿಗ್ಗೆ ಪುಟ ಹರಿದೆ. ಬಳೆಗಳು ಉಳಿದ ಇಪ್ಪತ್ತೈದು ನಿಮಿಷ ಆಮ್ಲದಲ್ಲಿದ್ದವು. ಗಡಿಯಾರದ ಕೆಳಗಿಂದ ನಾನು ಕದಲಲಿಲ್ಲ.

ಮೇ ತಿಂಗಳಲ್ಲಿ ಗೌರವ ಫಲಕಕ್ಕೆ ಅವನ ಫೋಟೋ ಏರಿತು: ದೋಷ ಪತ್ತೆ ಹಚ್ಚಿ ಬಳೆಗಳನ್ನು ತಡೆದವನಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಈಗ ಅವನ ಉಗಿಕೋಣೆಯಲ್ಲಿ ಎರಕದ ಕಬ್ಬಿಣದ ಒಲೆಯಿದೆ. ಕೊಳ್ಳುವಾಗ ಅಂಗಡಿಯಲ್ಲಿ ನೆಲಕ್ಕೆ ಮಂಡಿಯೂರಿ, ಕನ್ನಡಕ ಹಾಕಿ, ಒಂದು ಗಂಟೆ ತಟ್ಟಿ ತಡವಿ ನೋಡಿದನಂತೆ. ರಾಯಾ ಹೇಳಿದಳು.