ಮಗ್ಗದ ಮನೆಯ ಟ್ಯಾಂಕ್ ಆಟ

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಸೀರೆ ನೇಯುವವಳು ನನ್ನ ಹೆಂಡತಿ ನಾಗರತ್ನ. ನಾನು ಬಾಲರಾಜ್, ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುವವನು. ಚಳ್ಳಕೆರೆಯಿಂದ ಸೊಸೆಯಾಗಿ ಬಂದವಳು ಮಗ್ಗ ಕಲಿತದ್ದು ನನ್ನಿಂದಲೇ. ಎರಡೇ ವರ್ಷಕ್ಕೆ ಗುರುವನ್ನು ಪಕ್ಕಕ್ಕೆ ಕೂರಿಸಿದಳು. ಅದಕ್ಕೆ ನನಗೆ ಬೇಸರವಿಲ್ಲ ಎಂದರೆ ಅರ್ಧ ಸುಳ್ಳು.

ಕಳೆದ ವರ್ಷ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಅವಳ ಬಲಗೈ ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದ ಮೇಲೂ ಬೆರಳು ಮಡಚಲು ಬರಲಿಲ್ಲ, ಹಿಡಿದ ಲಾಳಿ ಜಾರಿ ಬೀಳುತ್ತಿತ್ತು. ಮಗ್ಗದ ಮೇಲೆ ಸೀರೆ ಅರ್ಧಕ್ಕೇ ನಿಂತಿತ್ತು. ಬೇರೆಯವರನ್ನು ಕೂರಿಸೋಣವೆಂದರೆ, "ನನ್ ಸೀರೆ ಯಾರೂ ಮುಟ್ಬಾರ್ದು" ಎಂದು ಅತ್ತಳು. ಬೆರಳಾಡಿಸಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡು ಮೂರೇ ದಿನಕ್ಕೆ ಮಂಚದ ಕೆಳಗೆ ಸೇರಿತು.

ಸುದ್ದಿ ಮಸ್ಕತ್‌ಗೆ ಮುಟ್ಟಿತು. ಅಲ್ಲಿ ಅವಳ ಬಾಲ್ಯದ ಗೆಳತಿ ಮುಸರತ್ ಹೊಲಿಗೆ ಅಂಗಡಿಯಲ್ಲಿ ದುಡಿಯುತ್ತಾಳೆ. ಆಕೆಯ ಅಪ್ಪ ವಲಿಸಾಬರು ಚಳ್ಳಕೆರೆಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದರು. ರಿಪೇರಿಯಾದ ಟಿವಿಗೆಲ್ಲ ವಿಡಿಯೋ ಗೇಮ್ ಸಿಕ್ಕಿಸಿ ಈ ಹುಡುಗಿಯರು ಟ್ಯಾಂಕ್ ಆಟ ಆಡುತ್ತಿದ್ದರಂತೆ. ಮುಸರತ್ ಮುಂದೆ ನುಗ್ಗಿ ವೈರಿಗಳನ್ನೆಲ್ಲ ಒಬ್ಬಳೇ ಹೊಡೆಯುವಳು. ನಾಗರತ್ನ ಹಿಂದೆ ನಿಂತು ಇಟ್ಟಿಗೆ ಗೂಡಿನ ಹಕ್ಕಿ ಕಾಯಬೇಕು. ಹಕ್ಕಿ ಸತ್ತರೆ ಆಟ ಮುಗಿಯಿತು.

ಈಗ ಅದೇ ಹಳೇ ಆಟವನ್ನು ಫೋನಿನಲ್ಲಿ ಎಲ್ಲೆಲ್ಲೋ ಇರುವ ಇಬ್ಬರು ಕೂಡಿ ಆಡಬಹುದು. ಮುಸರತ್‌ಳ ತಮ್ಮ ತನ್ವೀರ್ ಚಳ್ಳಕೆರೆಯಿಂದ ಬಂದು ಎಲ್ಲ ಜೋಡಿಸಿ, ಎರಡೂ ಕೈಯಲ್ಲಿ ಹಿಡಿದು ಆಡುವ ಒಂದು ರಿಮೋಟ್ ಕೊಟ್ಟುಹೋದ. ಎಡಗೈಯಿಂದ ಟ್ಯಾಂಕ್ ಓಡಿಸಬೇಕು, ಬಲಗೈಯಿಂದ ಗುಂಡು ಹಾರಿಸಬೇಕು. ಮುಸರತ್‌ಗೆ ಊಟದ ಬಿಡುವು ಸಿಕ್ಕಾಗ, ಅಂದರೆ ನಮಗೆ ಮಧ್ಯಾಹ್ನ ಎರಡಕ್ಕೆ, ಆಟ ಶುರು.

ಮೊದಲ ದಿನವೇ ಎಡವಟ್ಟು. ಮಗ್ಗದಲ್ಲಿ ಅವಳ ಲಾಳಿ ಆದ ಮೇಲೆ ನನ್ನದು, ನನ್ನದಾದ ಮೇಲೆ ಅವಳದು. ಅದೇ ಅಭ್ಯಾಸಕ್ಕೆ ಒಂದು ಗುಂಡು ಹಾರಿಸಿ ಸುಮ್ಮನೆ ಕೂತಳು. ಅಷ್ಟರಲ್ಲಿ ವೈರಿ ಬಂದು ಹಕ್ಕಿ ಹೊಡೆದ.

"ಯಾಕೇ ನಿಂತ್ಕಂಡೆ?" ಫೋನಿನಲ್ಲೇ ಮುಸರತ್ ಚೀರಿದಳು.

"ನಿನ್ ಸರದಿ ಅಲ್ವೇನೇ?"

"ಯಾ ಅಲ್ಲಾ! ಇದೇನ್ ಮಗ್ಗ ಅನ್ಕಂಡ್ಯಾ? ಯುದ್ಧ ಕಣೇ!"

ಕೈ ಮುರಿದ ಮೇಲೆ ನನ್ನ ಹೆಂಡತಿ ನಕ್ಕದ್ದು ಅಂದೇ.

ಎರಡು ತಿಂಗಳು ಹೀಗೇ ನಡೆಯಿತು. ಒತ್ತಿ ಒತ್ತಿ ಮೊದಲು ಹೆಬ್ಬೆರಳು ಸಡಿಲಾಯಿತು, ಆಮೇಲೆ ಉಳಿದವು. ವಿಚಿತ್ರವೆಂದರೆ ಮುಸರತ್ ಇವಳಿಗಿಂತ ನಿಧಾನ, ಹಕ್ಕಿಯ ಹತ್ತಿರವೇ ತೆವಳುತ್ತಿದ್ದಳು.

"ಮುದುಕಿ ಆಗ್ಬಿಟ್ಟೆ ಕಣೇ ನೀನು. ನಾನೇ ಮುಂದೆ ಹೋಗ್ತೀನಿ" ಎಂದು ನಾಗರತ್ನ ರೇಗಿಸುವಳು.

ನಾನೂ ಸುಮ್ಮನಿರದೆ, "ಕನ್ನಡಕ ಹಾಕ್ಕಳಕ್ಕೆ ಹೇಳು" ಎಂದು ಬಾಯಿ ಹಾಕುವೆ. ಮುಸರತ್‌ಳ ಟ್ಯಾಂಕ್ ಹಾಗೇ ತೆವಳುತ್ತಿತ್ತು.

ಒಂದು ಗುರುವಾರ ನಾಗರತ್ನ ಹೇಳದೆ ಕೇಳದೆ ಮಗ್ಗಕ್ಕೆ ಕೂತಳು. ಲಾಳಿ ಎಸೆದಳು. ಜಾರಲಿಲ್ಲ. ನನ್ನದನ್ನು ಎಸೆಯುವುದೇ ನನಗೆ ಮರೆತುಹೋಯಿತು.

"ನಿಮ್ ಸರದಿ ರೀ" ಎಂದಳು.

ನಾನು ಗೋಡೆ ಕಡೆ ತಿರುಗಿ, ಕಾಣದ ಮಸ್ಕತ್ತಿಗೆ ಕೈ ಮುಗಿದೆ.

ಮರುದಿನ ಶುಕ್ರವಾರ, ಮುಸರತ್‌ಗೆ ರಜೆ. ನಾಗರತ್ನ ಸುದ್ದಿ ತಿಳಿಸಿ ಆಟಕ್ಕೆ ಕೂತಳು. ಮುಸರತ್‌ಳ ಟ್ಯಾಂಕ್ ಬಿಟ್ಟ ಬಾಣದ ಹಾಗೆ ನುಗ್ಗಿತು. ಇವಳು ಒಂದು ಗುಂಡು ಹಾರಿಸುವಷ್ಟರಲ್ಲಿ ವೈರಿಗಳೆಲ್ಲ ಖಾಲಿ.

"ಏನೇ ಇದು! ಮುದುಕಿಗೆ ಇವತ್ತೇನ್ ಬಂತು?"

"ಇಷ್ಟ್ ದಿನ ರಿಮೋಟ್ ಮೇಜಿನ ಮ್ಯಾಲಿಟ್ಟು ಎಡಗೈ ಒಂದ್ರಲ್ಲೇ ಆಡ್ದೆ ಕಣೇ" ಎಂದಳು ಮುಸರತ್. "ನಿಂಗೆ ಒಂದೇ ಕೈ ಇರೋವಾಗ ನಂಗ್ಯಾಕೆ ಎರಡು?"

ಕನ್ನಡಕದ ಮಾತಾಡಿದ್ದಕ್ಕೆ ನಾನು ನಾಲಿಗೆ ಕಚ್ಚಿಕೊಂಡೆ. ನಾಗರತ್ನ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಟ್ಯಾಂಕನ್ನು ಮೆಲ್ಲಗೆ ಹಿಂದಕ್ಕೆ ತಂದು ಹಕ್ಕಿಯ ಪಕ್ಕ ನಿಲ್ಲಿಸಿದಳು.

"ನೀನ್ ಮುಂದೆ ಹೋಗೇ" ಎಂದಳು, "ಇಲ್ಲಿ ನಾನ್ ಕಾಯ್ತೀನಿ."