ಬೆಳಗಿನ ಅರ್ಧ ಸೆಂಟಿಮೀಟರ್

ಬೆಳಿಗ್ಗೆ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ವೈದ್ಯಕೀಯ ತಪಾಸಣಾ ಕೇಂದ್ರದ ಹಿಂಬಾಗಿಲ ಮುಂದೆ ಲಾಂಡ್ರಿಯ ವ್ಯಾನೊಂದು ಬಂದು ನಿಲ್ಲುತ್ತದೆ. ಒಳಗೆ, ಒಗೆದ ಬಟ್ಟೆಯ ಗಂಟುಗಳ ಮೇಲೆ, ಇಪ್ಪತ್ತೇಳರ ಯುವತಿಯೊಬ್ಬಳು ಅಂಗಾತ ಮಲಗಿದ್ದಾಳೆ. ಕಾಯಿಲೆ ಕಸಾಲೆ ಏನೂ ಇಲ್ಲ, ಗುಂಡುಕಲ್ಲಿನ ಹಾಗಿದ್ದಾಳೆ. "ಏಳ್ಬೇಡ ಕಣೇ! ಅವರು ಹೇಳೋವರೆಗೂ ಅಲ್ಲಾಡ್ಬೇಡ," ಎಂದು ಅವಳ ಅಕ್ಕ ಭುಜ ಒತ್ತಿ ಹಿಡಿದಿದ್ದಾಳೆ. ವ್ಯಾನು ಓಡಿಸಿಕೊಂಡು ಬಂದ ಭಾವನಿಗೆ ಬೇರೆಯೇ ಸಂಕಟ. "ಜನ್ಮದಲ್ಲಿ ಇಷ್ಟು ನಿಧಾನ ಗಾಡಿ ಓಡ್ಸಿಲ್ಲ. ಸೈಕಲ್ನೋರು ಕೂಡ ನಗ್ತಾ ಮುಂದೆ ಹೋದ್ರು."

ಬಾಗಿಲು ತೆರೆದ ಹೆಂಗಸೂ ನಗುತ್ತಾರೆ. "ಇನ್ನು ಏಳಮ್ಮ. ನಾಲ್ಕೇ ಹೆಜ್ಜೆ."

ಇವರೇ ಅಳತೆಯಮ್ಮ. ಐವತ್ತೊಂಬತ್ತು ವರ್ಷ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಕಾಲಲ್ಲಿ ಹಿಮ್ಮಡಿ ಸವೆದ ಚಪ್ಪಲಿ. ಪರದೇಶಕ್ಕೆ, ಹಡಗಿಗೆ ಕೆಲಸಕ್ಕೆ ಹೊರಟವರ ಎತ್ತರ ಅಳೆದು ಬರೆದುಕೊಡುವುದು ಇವರ ಕೆಲಸ. ಮೂವತ್ತೊಂದು ವರ್ಷದಿಂದ ಇದೊಂದೇ. ದಿನಕ್ಕೆ ಅರವತ್ತು, ಎಪ್ಪತ್ತು ಜನ. ಡ್ಯೂಟಿ ಎಂಟು ಗಂಟೆಗೆ. ಐದೂವರೆಗೇ ಬನ್ನಿ ಎಂದು ಇವರಿಗೆ ಯಾರೂ ಹೇಳಿಲ್ಲ.

ಯಾಕೆ ಬರುತ್ತಾರೆ? "ಮನುಷ್ಯ ಬೆಳಿಗ್ಗೆ ಉದ್ದ, ಸಾಯಂಕಾಲ ಗಿಡ್ಡ," ಎನ್ನುತ್ತಾರೆ ಅಳತೆಯಮ್ಮ, ಹಾಲು ಬಿಳಿ ಎಂದಷ್ಟೇ ಸಲೀಸಾಗಿ. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು ರಾತ್ರಿ ಮಲಗಿದಾಗ ಉಬ್ಬುತ್ತವೆ, ಹಗಲೆಲ್ಲ ನಿಂತು ನಡೆದಾಗ ಕುಗ್ಗುತ್ತವೆ. ಒಂದು ಸೆಂಟಿಮೀಟರ್, ಕೆಲವರಿಗೆ ಅದಕ್ಕೂ ಹೆಚ್ಚು. ಅಬ್ಬಬ್ಬಾ! ದಿನಾ ರಾತ್ರಿ ನಾವು ಬೆಳೆಯುತ್ತೇವೆ, ದಿನಾ ಸಂಜೆ ಅದನ್ನು ಕಳೆದುಕೊಂಡು ಮನೆಗೆ ಬರುತ್ತೇವೆ, ನಮಗೇ ಗೊತ್ತಿಲ್ಲ.

ಗೋಡೆಗೆ ಬಿಗಿದ ಅಳತೆಪಟ್ಟಿಯ ಪಕ್ಕದಲ್ಲಿ ಒಂದು ಉಕ್ಕಿನ ಸರಳಿದೆ, ಸರಿಯಾಗಿ ಒಂದು ಮೀಟರ್. ದಿನಾ ಮೊದಲು ಅದನ್ನು ನಿಲ್ಲಿಸಿ ಪಟ್ಟಿಯನ್ನೇ ಅಳೆಯುತ್ತಾರೆ. ಒಂದು ವರ್ಷ ನೆಲ ಮೂರು ಮಿಲಿಮೀಟರ್ ಕುಸಿದದ್ದನ್ನು ಕಟ್ಟಡ ಕಟ್ಟಿದ ಇಂಜಿನಿಯರು ಕಾಣಲಿಲ್ಲ, ಇವರು ಕಂಡುಹಿಡಿದರು. ಮೇಜಿನ ಮೇಲೆ ದೇಶದೇಶದ ನಮೂನೆಗಳು. ಒಂದು ದೇಶಕ್ಕೆ ಅಡಿ, ಇಂಚು ಬೇಕು. ಇನ್ನೊಂದಕ್ಕೆ ಸೆಂಟಿಮೀಟರ್, ಅದೂ ಚುಕ್ಕಿಯ ನಂತರ ಒಂದು ಅಂಕಿ. ಮತ್ತೊಂದಕ್ಕೆ ಮೀಟರ್, ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ. ಒಂದು ವಿಮಾನ ಕಂಪನಿಗಂತೂ ಎತ್ತರವೇ ಬೇಡ; ತುದಿಗಾಲಲ್ಲಿ ನಿಂತರೆ ಕೈ ಎಲ್ಲಿಯವರೆಗೆ ಎಟಕುತ್ತದೆ ಹೇಳಿ, ಸಾಕು. "ಐದಡಿ ಹತ್ತಿಂಚನ್ನ ಐದು ಚುಕ್ಕಿ ಹತ್ತು ಅಂತ ಬರೆದ್ರೆ ಮುಗೀತು. ಅಲ್ಲಿ ಕೂತೋರು ಐದೂ ಒಂದು ಹತ್ತನೇ ಭಾಗ ಅಂತ ಓದ್ಕೋತಾರೆ. ಆರಡಿ ಹತ್ತಿರದ ಆಳು ಅಲ್ಲಿ ಹೋಗಿ ಇಳಿಯೋ ಹೊತ್ತಿಗೆ ಗಿಡ್ಡನಾಗಿರ್ತಾನೆ!"

ಇವತ್ತು ಬಂದಿರುವವಳಿಗೆ ಬೇಕಿರುವುದು ಐದಡಿ ಎರಡಿಂಚು. ಬೆಂಕಿ ಆರಿಸುವ ಸಿಲಿಂಡರ್ ತುಂಬುವ ವರ್ಕ್‌ಶಾಪಿನಲ್ಲಿ ಐದು ವರ್ಷ ದುಡಿದವಳು. ಪ್ರಯಾಣಿಕರ ಹಡಗಿನ ಅಗ್ನಿಶಾಮಕ ತಂಡ ಸೇರಬೇಕೆಂದು ಹಟ. ಈಜು, ಹಗ್ಗ, ಹೊಗೆಕೋಣೆ ಎಲ್ಲ ಗೆದ್ದಾಗಿದೆ. ಎತ್ತರ ಮಾತ್ರ ಕೈಕೊಟ್ಟಿದೆ. ಐದಡಿ ಎರಡಿಂಚು ಎಂದರೆ ನೂರೈವತ್ತೇಳೂವರೆ ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. ಬೇರೆ ಕಡೆ ಎರಡು ಸಲ, ಎರಡೂ ಸಲ ಮಧ್ಯಾಹ್ನವೇ ಅಳೆಸಿದಾಗ ನೂರೈವತ್ತೇಳನ್ನು ದಾಟಿಲ್ಲ. ಇಪ್ಪತ್ತೆಂಟು ತುಂಬಿದವರನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ. ಅವಳಿಗೆ ತುಂಬಲು ಹನ್ನೊಂದು ದಿನವಿದೆ. ಇದು ತಪ್ಪಿದರೆ ಮತ್ತೆ ಸಿಲಿಂಡರೇ ಗತಿ.

ಇಂಥವರನ್ನು ಮುಂಜಾನೆ ಕರೆಸುವ ರೂಢಿ ಅಳತೆಯಮ್ಮನಿಗೆ ಬಂದದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಸಂಜೆ ನಾಲ್ಕಕ್ಕೆ ಹಮಾಲಿಯೊಬ್ಬ ಬಂದ. ದಿನವಿಡೀ ಮೂಟೆ ಹೊತ್ತು ಬಂದಿದ್ದ. ಅಳೆದರು, ಅರ್ಧ ಸೆಂಟಿಮೀಟರ್ ಕಡಿಮೆ, ಹಾಗೇ ಬರೆದರು. ಕೆಲಸ ತಪ್ಪಿತು. ತಿಂಗಳ ನಂತರ ಅವನು ಇನ್ನೊಂದು ಕೇಂದ್ರದ ಚೀಟಿ ಹಿಡಿದು ಬಂದ. ಬೆಳಿಗ್ಗೆ ಅಳೆದದ್ದು, ಎತ್ತರ ಸರಿಯಾಗಿತ್ತು. ಅಷ್ಟರಲ್ಲಿ ಜಾಗ ಭರ್ತಿಯಾಗಿತ್ತು. "ಜಗಳ ಆಡಿದ್ರೆ ತಡ್ಕೋತಿದ್ದೆ. ಅವನು ಆಡ್ಲಿಲ್ಲ. ಚೀಟಿ ಮೇಜಿನ ಮೇಲಿಟ್ಟು, 'ನೋಡಿ ಅಮ್ಮಾ, ನಾನು ಗಿಡ್ಡ ಅಲ್ಲ' ಅಂದು ಹೋದ. ನನ್ನ ಅಳತೆ ತಪ್ಪಿರ್ಲಿಲ್ಲ, ಹೊತ್ತು ತಪ್ಪಿತ್ತು. ಆವತ್ತು ಊಟ ಸೇರ್ಲಿಲ್ಲ ನನಗೆ."

ಯುವತಿ ಬರಿಗಾಲಲ್ಲಿ ಪಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಪಟ್ಟಿಯ ಅಡ್ಡಹಲಗೆ ನೆತ್ತಿಯ ಮೇಲೆ ಇಳಿಯುತ್ತದೆ. ನೂರೈವತ್ತೊಂಬತ್ತು! ಅಕ್ಕ ಚಪ್ಪಾಳೆ ತಟ್ಟಿಯೇಬಿಟ್ಟಳು. ಅಳತೆಯಮ್ಮ ಹುಬ್ಬೇರಿಸುತ್ತಾರೆ. "ತುರುಬು ಬಿಚ್ಚಮ್ಮ. ಹಡಗಿಗೆ ಹೋಗೋದು ನೀನೋ, ನಿನ್ನ ತುರುಬೋ?"

ತುರುಬು ಬಿಚ್ಚುತ್ತದೆ. ಹಲಗೆ ಮತ್ತೆ ಇಳಿಯುತ್ತದೆ. ನೂರೈವತ್ತೇಳು ಚುಕ್ಕಿ ಮೂರು. ಸಾಲದು. ಅಕ್ಕ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾಳೆ. ಭಾವ ಬಾಗಿಲಾಚೆ ಹೋಗಿ ನಿಲ್ಲುತ್ತಾನೆ. "ಸ್ವಲ್ಪ ಹೆಚ್ಚು ಕಮ್ಮಿ ಬರ್ಕೊಳಿ ಅಮ್ಮಾ, ಯಾರು ನೋಡ್ತಾರೆ?" ಎಂದು ಅಕ್ಕ ಅಂಗಲಾಚುತ್ತಾಳೆ.

"ನಾನು ನೋಡ್ತೀನಲ್ಲ," ಎನ್ನುತ್ತಾರೆ ಅಳತೆಯಮ್ಮ. ಆಮೇಲೆ ಯುವತಿಯ ಮುಂದೆ ಮಂಡಿಯೂರಿ ಕೂರುತ್ತಾರೆ, ಈ ವಯಸ್ಸಿನಲ್ಲಿ, ಆ ತಣ್ಣನೆಯ ನೆಲದಲ್ಲಿ. ಅವಳ ಹಿಮ್ಮಡಿಗಳನ್ನು ಜೋಡಿಸಿ ಗೋಡೆಗೆ ತಾಗಿಸುತ್ತಾರೆ, ಮಡಿಚಿಕೊಂಡಿದ್ದ ಮೊಣಕಾಲು ತಟ್ಟುತ್ತಾರೆ. ಎದ್ದು ಗದ್ದ ಸರಿಮಾಡುತ್ತಾರೆ. "ಹೆದರಿ ಮುದುರಿಕೊಂಡಿದೀಯ. ನೇರ ನನ್ನ ನೋಡು. ಈಗ ಹೊಟ್ಟೆ ತುಂಬ ಉಸಿರು ಎಳ್ಕೋ, ಹಿಡ್ಕೋ."

ನೂರೈವತ್ತೇಳು ಚುಕ್ಕಿ ಆರು. ಗೋಡೆಯಿಂದ ಈಚೆ ಕರೆದು ಮತ್ತೆ ನಿಲ್ಲಿಸುತ್ತಾರೆ. ಚುಕ್ಕಿ ಆರು. ಇನ್ನೊಂದು ಸಲ. ಚುಕ್ಕಿ ಆರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯುವತಿ ಗೋಡೆ ಬಿಟ್ಟು ಬರಲೇ ಇಲ್ಲ, ನಿಂತಲ್ಲೇ ಅತ್ತಳು. ಅಳತೆಯಮ್ಮ ಕನ್ನಡಕ ಏರಿಸಿ ಬರೆದರು: ಐದು ಅಡಿ, ಎರಡು ಇಂಚು. ಅಂಕಿಯಲ್ಲೂ, ಅಕ್ಷರದಲ್ಲೂ. ಕಾಲಿಗೆ ಬೀಳಲು ಬಂದ ಅಕ್ಕನನ್ನು ತಡೆದು, "ನಾನೇನೂ ಕೊಟ್ಟಿಲ್ಲ ಕಣಮ್ಮ. ಅವಳದ್ದನ್ನ ಅವಳಿಗೆ ಬರೆದುಕೊಟ್ಟೆ," ಎಂದರು. ವ್ಯಾನಿನಲ್ಲಿ ಯುವತಿ ಈಗ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಾಳೆ. ಇನ್ನು ಎಷ್ಟು ಕುಗ್ಗಿದರೂ ಚಿಂತೆಯಿಲ್ಲ.

ಇನ್ನೆರಡು ತಿಂಗಳಿಗೆ ಅಳತೆಯಮ್ಮನ ನಿವೃತ್ತಿ. ಈ ಹಿಂಬಾಗಿಲು ಆಮೇಲೆ ಐದೂವರೆಗೆ ತೆರೆಯುತ್ತದೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಪತ್ರಿಕೆಯಿಂದ ಬಂದವರು ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, ಉಕ್ಕಿನ ಸರಳನ್ನು ಒರೆಸಿ ಮೂಲೆಗಿಡುತ್ತಾರೆ.

"ನನ್ನ ಫೋಟೋ ಗೀಟೋ ಬೇಡ. ಆ ಜಾಗದಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲು ಹಾಕಿ, ಆಗುತ್ತಾ? ಎತ್ತರ ಅಳೆಸೋರು ಬೆಳಿಗ್ಗೇನೇ ಹೋಗಿ ಅಂತ. ಆ ಹಮಾಲಿಯ ಮಕ್ಕಳಾದ್ರೂ ಓದ್ಲಿ."