ಹೋಗಿ ಬರ್ತೀನಿ ಅಂದಮೇಲೆ

ಅಮೆರಿಕದ ಸ್ನೊಕ್ವಾಲ್ಮಿ ಎಂಬ ಊರು ದಾಟಿ ಇನ್ನೂ ಸ್ವಲ್ಪ ದೂರ ಹೋದರೆ ಸಿಗುವ ಆ ಬಾಡಿಗೆ ಮನೆಯನ್ನು ಮೊದಲ ಸಲ ನೋಡಿದ ದಿನ ನಾನು ಕಾರಿನಿಂದ ಇಳಿದವಳೇ ಕುಣಿದುಬಿಟ್ಟೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಕುಣಿದೆ, ಮನೆ ತೋರಿಸಲು ಬಂದಿದ್ದ ಓನರ್ ಮುಂದೆಯೇ. ಎದುರಿಗೆ ಬೆಟ್ಟ, ಬೆಟ್ಟದ ಕೆಳಗೆ ಹುಲ್ಲುಗಾವಲು, ಹುಲ್ಲುಗಾವಲಿನಲ್ಲಿ ಎಲ್ಕ್‌ಗಳ ಹಿಂಡು! ಕುದುರೆಯಷ್ಟು ಎತ್ತರದ ಜಿಂಕೆಗಳವು. ಒಮ್ಮೆ ಕತ್ತೆತ್ತಿ ನನ್ನನ್ನು ನೋಡಿದವು, ಇವಳಿಗೇನಾಯಿತು ಎಂಬಂತೆ, ಮತ್ತೆ ಮೇಯತೊಡಗಿದವು. "ಇದೇ ಮನೆ ರೀ. ಬೇರೆ ನೋಡೋದೇ ಬೇಡ" ಎಂದೆ. ನನ್ನ ಗಂಡ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದರು.

ಅಲ್ಲಿಯವರೆಗೆ ನಾವಿದ್ದದ್ದು ಬೆಲ್ವ್ಯೂ ನಗರದ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ, ಅಪಾರ್ಟ್‌ಮೆಂಟಿನ ನಡುವಿನ ಮಹಡಿಯಲ್ಲಿ. ಮೇಲಿನವರು ನಡೆದರೆ ನಮ್ಮ ತಲೆಯ ಮೇಲೆ, ನಮ್ಮ ಮಗಳು ಕುಣಿದರೆ ಕೆಳಗಿನವರ ತಲೆಯ ಮೇಲೆ. ಮೆಟ್ಟಿಲಿಳಿಯುವಷ್ಟರಲ್ಲಿ ಯಾರ ಮನೆಯಲ್ಲಿ ಹುಳಿ, ಯಾರ ಮನೆಯಲ್ಲಿ ತೆಲುಗರ ಪಪ್ಪು ಎಂದು ಮೂಗೇ ಹೇಳುತ್ತಿತ್ತು. ಮೈಸೂರಿನವಳಾದ ನನಗೆ ಅಂಗಳ ಬೇಕಿತ್ತು, ಧಾರವಾಡದವರಾದ ಅವರಿಗೆ ಜನ ಬೇಕಿತ್ತು. ಜಗಳವಾಡಿ, ಮುನಿಸಿಕೊಂಡು, ಕೊನೆಗೆ ಒಂದು ವರ್ಷದ ಲೀಸ್‌ಗೆ ಅವರನ್ನು ಒಪ್ಪಿಸಿದೆ.

"ಒಂದ ವರ್ಷ ನೋಡು. ಆಮ್ಯಾಲೆ ನನಗ ಬ್ಯಾಡ ಅನಿಸ್ತಂದ್ರ ವಾಪಸ್ ಕ್ರಾಸ್‌ರೋಡ್ಸ್. ಆವಾಗ ಅಳಾಕ ಹೋಗಬ್ಯಾಡ ಮತ್ತ" ಎಂದರು. ಆಗಲಿ ಎಂದೆ. ಕುಣಿಯುವ ಹುಮ್ಮಸ್ಸಿನಲ್ಲಿದ್ದವಳು ಯಾವ ಮಾತಿಗಾದರೂ 'ಆಗಲಿ' ಎನ್ನುತ್ತಿದ್ದೆ.

ಆ ಊರಿನಲ್ಲಿ ನನಗೆ ಎಲ್ಲವೂ ಹಬ್ಬ. ಅಲ್ಲಿನ ರಸ್ತೆಯಲ್ಲಿ ಎದುರು ಬರುವ ಪಿಕಪ್ ಟ್ರಕ್ಕಿನವರೆಲ್ಲ ಸ್ಟಿಯರಿಂಗ್‌ನಿಂದ ಎರಡು ಬೆರಳು ಎತ್ತುತ್ತಿದ್ದರು. ಮೊದಲ ದಿನ ನನ್ನ ಗಂಡ ಗಾಬರಿಯಾಗಿ, "ಟೈರ್‌ನ್ಯಾಗ ಗಾಳಿ ಇಲ್ಲೇನ ನೋಡು" ಎಂದು ಕಾರು ನಿಲ್ಲಿಸಿ ಇಳಿದೇಬಿಟ್ಟರು. ಅದು ಇಲ್ಲಿನವರ ನಮಸ್ಕಾರ ಎಂದು ಗೊತ್ತಾದ ಮೇಲೆ ನನ್ನನ್ನು ಹಿಡಿಯುವವರಿಲ್ಲ. ರೈಲು ಹತ್ತಿಸಲು ಬಂದವಳ ಹಾಗೆ ಇಡೀ ಕೈ ಬೀಸತೊಡಗಿದೆ. "ಸಾಕ ಮಾಡವಾ ಮಾರಾಯ್ತಿ, ಗುರ್ತಿಲ್ಲ ಪರಿಚಯ ಇಲ್ಲ" ಎಂದು ಅವರು ಸೀಟಿನಲ್ಲಿ ಕುಗ್ಗಿ ಕೂರುತ್ತಿದ್ದರು.

ಬೇಸಿಗೆಯಲ್ಲಿ ನಮ್ಮ ಬಾಗಿಲ ಮುಂದೆ ಜುಕೀನಿ ಪ್ರತ್ಯಕ್ಷವಾಗುತ್ತಿತ್ತು. ಸೌತೆಕಾಯಿಯ ಅಣ್ಣನಂತಹ ತರಕಾರಿ, ತೋಳಿನಷ್ಟು ಉದ್ದ. ಹುಳಿ ಮಾಡಿದೆ, ಪಲ್ಯ ಮಾಡಿದೆ, ದೋಸೆಗೆ ರುಬ್ಬಿದೆ, ಸಿಪ್ಪೆಯನ್ನೂ ಬಿಡದೆ ಚಟ್ನಿ ಮಾಡಿದೆ. ಐದು ವರ್ಷದ ಮಗಳು "ನಾಟ್ ಅಗೇನ್, ಅಮ್ಮಾ!" ಎಂದು ಮೇಜಿನ ಕೆಳಗೆ ಸೇರಿಕೊಂಡಳು. ಅದನ್ನು ಇಟ್ಟು ಹೋಗುತ್ತಿದ್ದವರು ಪಕ್ಕದ ಮನೆಯ ಅಜ್ಜಿ. ಅಲ್ಲಿಯೇ ಹುಟ್ಟಿ ಬೆಳೆದ ಅಮೆರಿಕನ್ ಅಜ್ಜಿ, ಒಬ್ಬರೇ ಇದ್ದರು, ಜೊತೆಗೆ ಎರಡು ಮೇಕೆ ಮತ್ತು ಒಂದಷ್ಟು ಕೋಳಿ. ಮೊಣಕಾಲಿನವರೆಗಿನ ರಬ್ಬರ್ ಬೂಟು, ಅಳೆದು ತೂಗಿ ಆಡುವ ಮಾತು. ನನ್ನ ಬಾಯಿಗೆ ಬ್ರೇಕ್ ಇಲ್ಲದ್ದರಿಂದ ನಮ್ಮಿಬ್ಬರ ಜೋಡಿ ಚೆನ್ನಾಗಿಯೇ ಹೊಂದಿಕೊಂಡಿತು.

ಮೊದಲ ಸಲ ಅವರ ಅಡುಗೆಮನೆಯಲ್ಲಿ ಟೀ ಕುಡಿದು ಎದ್ದಾಗ ನನ್ನ ಬಾಯಿಂದ ಒಂದು ಮಾತು ಜಾರಿತು. ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ "ಹೋಗ್ತೀನಿ" ಎನ್ನುವಂತಿಲ್ಲ. ಹಾಗೆಂದರೆ ಅಮ್ಮ, "ಬಿಡ್ತು ಅನ್ನು! ಹೋಗಿ ಬರ್ತೀನಿ ಅಂತ ಹೇಳು" ಎಂದು ಗದರುತ್ತಿದ್ದಳು. ಆಫೀಸಿನಲ್ಲಿ ನಾನು ಎಚ್ಚರದಿಂದ ಬೈ ಎನ್ನುತ್ತಿದ್ದೆ. ಆದರೆ ಆ ಬೆಚ್ಚನೆಯ ಅಡುಗೆಮನೆಯಲ್ಲಿ ಮೈಮರೆತು, "ಓಕೆ, ಐ ವಿಲ್ ಗೋ ಅಂಡ್ ಕಮ್" ಎಂದುಬಿಟ್ಟೆ. ಅಜ್ಜಿ ತಲೆಯಾಡಿಸಿದರು. ಆಮೇಲೆ ಅದೇ ರೂಢಿಯಾಯಿತು. ವಾರದಲ್ಲಿ ಹಲವು ಸಲ ಹೋಗುತ್ತಿದ್ದೆ, ಪ್ರತಿಸಲವೂ ಹಾಗೆಯೇ ಹೇಳಿ ಬರುತ್ತಿದ್ದೆ. ಅದರಲ್ಲಿ ವಿಚಿತ್ರವೇನಾದರೂ ಇದೆ ಎಂದು ನನಗೆ ಹೊಳೆಯಲೇ ಇಲ್ಲ.

ಲೀಸ್ ಮುಗಿಯುವ ಕಾಲ ಬಂತು. ಒಂದು ಸಂಜೆ ನನ್ನ ಗಂಡ ಊಟದ ತಟ್ಟೆ ಸರಿಸಿ ಮಾತು ತೆಗೆದರು.

"ಕ್ರಾಸ್‌ರೋಡ್ಸ್‌ನ್ಯಾಗ ಅರ್ಧಾ ತಾಸು ತಡಾ ಆದ್ರ ಕೆಳಗಿನ ಮನಿ ತೆಲುಗು ಆಂಟಿ ಫೋನ್ ಮಾಡ್ತಿದ್ರು. ಇಲ್ಲಿ ನಾವು ಮನಿಗೆ ಬಂದ್ವೋ ಇಲ್ಲೋ ಯಾರ ಕೇಳ್ತಾರ? ನಮ್ಮ ಹಾದಿ ನೋಡವ್ರು ಒಬ್ಬರರೆ ಅದಾರೇನು? ಒಬ್ಬರನ್ನ ತೋರ್ಸು, ಇಲ್ಲೇ ಇರ್ತೀನಿ."

"ಅಜ್ಜಿ ಇದಾರಲ್ಲ ರೀ."

"ಅವರ ತ್ವಾಟದಾಗ ಜುಕೀನಿ ಜಾಸ್ತಿ ಬೆಳಿತಾವ, ಅದಕ್ಕ ಕೊಡ್ತಾರ. ಅದಕ್ಕೂ ಹಾದಿ ನೋಡೋದಕ್ಕೂ ಏನ್ ಸಂಬಂಧ?"

ನನಗೆ ಉರಿದುಹೋಯಿತು. ಆದರೆ ಅವರು ಹೇಳಿದ್ದರಲ್ಲೂ ನಿಜವಿತ್ತು. ಅಜ್ಜಿ ಒಂದು ದಿನವೂ ನಮ್ಮ ಮನೆಯೊಳಗೆ ಬಂದವರಲ್ಲ. ನಾನೇ ಮೇಲೆ ಬಿದ್ದು ಹೋಗುತ್ತಿದ್ದೆನೇನೋ ಎಂಬ ಅನುಮಾನ ಅಂದು ಮೊದಲ ಸಲ ಬಂತು.

ಆ ಶನಿವಾರ ಕ್ರಾಸ್‌ರೋಡ್ಸ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ನೋಡಲು ಹೊರಟೆವು. ಬೇಲಿಯ ಆಚೆ ಅಜ್ಜಿ ಹುರುಳಿಕಾಯಿ ಬಿಡಿಸುತ್ತಿದ್ದರು. ಎಲ್ಲಿಗೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. "ಹೋಗಿ ಬರ್ತೀವಿ, ಮಧ್ಯಾಹ್ನದ ಹೊತ್ತಿಗೆ" ಎಂದು ನನ್ನ ಅದೇ ಇಂಗ್ಲಿಷಿನಲ್ಲಿ ಹೇಳಿ ಕಾರು ಹತ್ತಿದೆ.

ಅಪಾರ್ಟ್‌ಮೆಂಟ್ ಚೆನ್ನಾಗಿತ್ತು, ಅದೇ ನನ್ನ ಸಂಕಟ. ಅಲ್ಲಿ ಸಿಕ್ಕ ಹಳೆಯ ಪರಿಚಯದವರ ಹೆಗಲ ಮೇಲೆ ಕೈಹಾಕಿಕೊಂಡು ನನ್ನ ಗಂಡ ನಕ್ಕಿದ್ದೇ ನಕ್ಕಿದ್ದು. ನಾಳೆ ಬಂದು ಸಹಿ ಹಾಕುವುದೆಂದು ಮಾತಾಯಿತು. ವಾಪಸ್ ಬರುವಾಗ ಹೈವೇಯಲ್ಲಿ ಅಪಘಾತವಾಗಿ ಕಾರುಗಳೆಲ್ಲ ನಿಂತುಬಿಟ್ಟಿದ್ದವು. ಮಧ್ಯಾಹ್ನ ಕಳೆದು ಸಂಜೆಯಾದರೂ ನಾವು ಅಲ್ಲೇ. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆಹೋದಳು. ಅಳುವುದಿಲ್ಲ ಎಂದು ಒಪ್ಪಿದ್ದೆ, ಆದರೂ ಕಿಟಕಿಯ ಕಡೆ ತಿರುಗಿ ಅತ್ತೆ. ಅವರು ನೋಡಿಯೂ ನೋಡದವರಂತೆ ರೇಡಿಯೋ ತಿರುಗಿಸುತ್ತಿದ್ದರು.

ಕೊನೆಗೂ ನಮ್ಮ ರಸ್ತೆಗೆ ತಿರುಗಿದಾಗ ಬೆಟ್ಟದ ತುದಿಯಲ್ಲಷ್ಟೇ ಬಿಸಿಲಿತ್ತು. ನಮ್ಮ ಅಂಚೆಡಬ್ಬಿಯ ಪಕ್ಕ, ರಸ್ತೆಯಂಚಿಗೇ ಮಡಚುವ ಕುರ್ಚಿ ಹಾಕಿಕೊಂಡು ಅಜ್ಜಿ ಕೂತಿದ್ದರು. ತೊಡೆಯ ಮೇಲೆ ಬುಟ್ಟಿ ತುಂಬ ಹುರುಳಿಕಾಯಿ. ಕಾರು ಕಂಡದ್ದೇ ಎದ್ದು ನಿಂತರು. ಅವರ ಮುಖ ಅಷ್ಟು ಕೆಂಪಗಾದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಎಲ್ಲಿ ಹೋಗಿದ್ರಿ? ಮಧ್ಯಾಹ್ನ ಅಂದಿದ್ರಿ! ಹೋಗಿ ಬರ್ತೀವಿ ಅಂದಿದ್ರಿ!" ಎಂದು ಇಂಗ್ಲಿಷಿನಲ್ಲಿ ಗದರಿಸಿದರು. ಥೇಟ್ ನಮ್ಮಮ್ಮನ ದನಿ. ಟ್ರಾಫಿಕ್ ಎಂದು ತೊದಲಿದೆ.

"ಗೊತ್ತು, ರೇಡಿಯೋದಲ್ಲಿ ಕೇಳಿದೆ. ಕೇಳಿದ ಮೇಲೆ ಮನೆಯೊಳಗೆ ಕೂರೋಕಾಗಲಿಲ್ಲ" ಎಂದರು. ಅಳೆದು ತೂಗಿ ಮಾತಾಡುವ ಅಜ್ಜಿ ಅಂದು ನಿಲ್ಲಿಸಲೇ ಇಲ್ಲ. "ನೀವು ಮೊದಲ ಸಲ ಹಾಗಂದಾಗ ಏನೋ ಮರೆತು ಬಂದಿದೀರಿ, ತಗೊಂಡು ವಾಪಸ್ ಬರ್ತೀರಿ ಅಂದ್ಕೊಂಡೆ. ಟೀಗೆ ಮತ್ತೆ ನೀರಿಟ್ಟೆ. ಕತ್ತಲಾಯ್ತು, ನೀವು ಬರಲೇ ಇಲ್ಲ. ಮುಂದಿನ ಸಲವೂ ಹಾಗೇ ಆಯ್ತು. ವಿಚಿತ್ರ ಹೆಂಗಸು ಅಂದ್ಕೊಂಡೆ. ಆದರೆ ಒಂದೆರಡು ದಿನ ತಡವಾದ್ರೂ ಬಂದೇ ಬರ್ತಿದ್ರಿ. ಹಾಗಾಗಿ ಹಗಲು ಹೊತ್ತು ಹಿಂಬಾಗಿಲಿಗೆ ಚಿಲಕ ಹಾಕೋದೇ ಬಿಟ್ಟೆ. ನೀವು ಬಂದಾಗ ಬಾಗಿಲು ಹಾಕಿರಬಾರದಲ್ಲ."

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಎರಡೂ ಒಟ್ಟಿಗೇ ಬಂದವು. ಅದು ನಮ್ಮ ಭಾಷೆಯಲ್ಲಿ ಬೈ ಎನ್ನುವ ಬದಲು ಹೇಳುವ ಮಾತು, ಆವತ್ತೇ ಬರಬೇಕೆಂದಿಲ್ಲ ಎಂದು ವಿವರಿಸಿದೆ. 'ಬೈ'ಗಿಂತ ಇದೇ ವಾಸಿ ಎಂದರು ಅಜ್ಜಿ. ಹುರುಳಿಕಾಯಿ ಬುಟ್ಟಿಯನ್ನು ನನ್ನ ಗಂಡನ ಕೈಗಿಟ್ಟು, ಕುರ್ಚಿ ಮಡಚಿ ಕಂಕುಳಿಗೆ ಸೇರಿಸಿಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದರು: "ಐ. ವಿಲ್. ಗೋ. ಅಂಡ್. ಕಮ್."

ನಾನು ಚಪ್ಪಾಳೆ ಹೊಡೆದೆ, ಅವರು ತಮ್ಮ ಮನೆಯತ್ತ ಹೊರಟರು. ಮಗಳನ್ನೆತ್ತಿಕೊಂಡು ಹೋಗಿ ಒಳಗೆ ಮಲಗಿಸಿ ಹೊರಬಂದೆ. ನನ್ನ ಗಂಡ ಬುಟ್ಟಿ ಹಿಡಿದುಕೊಂಡು ಅಂಚೆಡಬ್ಬಿಯ ಹತ್ತಿರವೇ ನಿಂತಿದ್ದರು.

"ಒಳಗೆ ಬನ್ನಿ ರೀ. ಅವರು ಸುಮ್ನೆ ಮಾತಿಗೆ ಅಂದಿದ್ದು. ಈಗಲೇ ಬರಲ್ಲ."

"ಬರ್ತೀನಿ ಅಂದಾರ" ಎಂದರು, ನನ್ನ ಕಡೆ ತಿರುಗದೆ. "ಇಷ್ಟ ದಿನಾ ಅವರು ಹಾದಿ ನೋಡ್ಯಾರ. ಇವತ್ತ ಒಂದಿಷ್ಟು ನಾ ನೋಡ್ತೀನಿ." ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿದರು. "ನಾಳೆ ಆ ಅಪಾರ್ಟ್‌ಮೆಂಟಿನವರಿಗೆ ನೀನ ಫೋನ್ ಮಾಡು. ಬ್ಯಾಡ ಅಂತ ಹೇಳಿಬಿಡು."

ಪಕ್ಕದ ಮನೆಯ ಹಿಂಬಾಗಿಲು ತೆರೆಯಿತು. ಎರಡೂ ಕೈಯಲ್ಲಿ ಹಣ್ಣಿನ ಪೈ ಇದ್ದ ತಟ್ಟೆ ಹಿಡಿದುಕೊಂಡು, ರಬ್ಬರ್ ಬೂಟಿನಲ್ಲಿ ಹುಲ್ಲು ತುಳಿಯುತ್ತ ಅಜ್ಜಿ ನಮ್ಮ ಮನೆಯ ಕಡೆಗೇ ಬರುತ್ತಿದ್ದರು. ನನ್ನ ಗಂಡ ಬುಟ್ಟಿ ಕೆಳಗಿಟ್ಟು ಇಡೀ ಕೈ ಮೇಲೆತ್ತಿ ಬೀಸಿದರು.